ಕಷಾಯ ಸೊಸೆಗೊಬ್ಬಳಿಗೇ ಯಾಕೆ?

ಮದುವೆಯಾಗಿ ಎರಡು ಮೂರು ವರ್ಷ, ಮಗು ಆಗಿಲ್ಲ, ಮನೆಯಲ್ಲಿ ಸೊಸೆಗೆ ದಿನಾ ಒಂದು ಲೋಟ ಕಷಾಯ. ಮಂಡ್ಯದಲ್ಲಿ ಆಪ್ತಸಲಹೆಗೆ ಕೂತ ಮೇಲೆ ಇದನ್ನು ಎಷ್ಟು ಮನೆಗಳಿಂದ ಕೇಳಿದ್ದೇನೋ. ಹಿಂದೆಲ್ಲ ಗ್ರಂಧಿಗೆ ಅಂಗಡಿಯಿಂದ ಬೇರು, ತೊಗಟೆ ತರುತ್ತಿದ್ದರು. ಈಗ 'ಗರ್ಭಕೋಶ ಶುದ್ಧಿ ಟೀ' ಅಂತ ವಾಟ್ಸಾಪ್‌ನಲ್ಲಿ ಆರ್ಡರ್ ಮಾಡಿದರೆ ಪುಡಿ ಮನೆಗೇ ಬರುತ್ತದೆ. ಈ ಒಂದು ಪ್ರಕರಣವನ್ನೇ ಆರಿಸಿಕೊಂಡು ಬರೆಯುತ್ತಿರುವುದು ಯಾಕೆಂದರೆ, ಇದರಲ್ಲಿ ಕೆಟ್ಟವರು ಅಂತ ಯಾರೂ ಇರಲಿಲ್ಲ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆಕೆಗೆ ಮೂವತ್ತು ಆಗುತ್ತಾ ಬಂದಿತ್ತು. ಕಬ್ಬು ಬೆಳೆಯುವ ಮನೆ. ಸದಾ ಸುಸ್ತು, ಮುಟ್ಟು ಹಿಂದೆ ಮುಂದೆ, ಸುಮ್ಸುಮ್ನೆ ಅಳು ಬರುತ್ತೆ ಅಂದಳು. ಮಾತ್ರೆ ಏನಾದರೂ ತಗೋತಿದ್ದೀರಾ ಅಂತ ಕೇಳಿದೆ.

"ಥೈರಾಯ್ಡ್‌ಗೆ ತಗೋತಿದ್ದೆ ಮೇಡಂ. ಈಗ ಬಿಟ್ಟಿದ್ದೀನಿ."

ಕಷಾಯವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಕುಡಿಯಬೇಕು, ಇಂಗ್ಲಿಷ್ ಮಾತ್ರೆ ಜೊತೆಗೆ ಸೇರಬಾರದು ಅಂತ ಪುಡಿ ಕಳಿಸಿದವರು ಹೇಳಿದ್ದರಂತೆ. ಥೈರಾಯ್ಡ್ ಮಾತ್ರೆಯನ್ನೂ ಖಾಲಿ ಹೊಟ್ಟೆಯಲ್ಲೇ, ಬರೀ ನೀರಿನ ಜೊತೆ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಹಾಲು, ಕಾಫಿ, ಕಬ್ಬಿಣದ ಮಾತ್ರೆ ಹತ್ತಿರ ಬಂದರೂ ಅದು ಮೈಗೆ ಸರಿಯಾಗಿ ಸೇರಲ್ಲ. ಇಲ್ಲಿ ಹಾಲು ಹಾಕಿದ ಕಷಾಯ ಬಂತು, ಮಾತ್ರೆ ಹೋಯಿತು. ಥೈರಾಯ್ಡ್ ಕಡಿಮೆಯಾದರೆ ಮುಟ್ಟು ಏರುಪೇರಾಗುತ್ತದೆ, ಬಸಿರು ನಿಲ್ಲುವುದೂ ಕಷ್ಟವಾಗುತ್ತದೆ. ಸುಸ್ತು, ಮನಸ್ಸು ಕುಗ್ಗುವುದು ಅದರಿಂದಲೂ ಬರಬಹುದು. ಮಗು ಆಗಲಿ ಅಂತ ಕುಡಿಸುತ್ತಿದ್ದ ಕಷಾಯವೇ ಮಗುವಿಗೆ ಬೇಕಾದ ಮಾತ್ರೆಯನ್ನು ಬಿಡಿಸಿತ್ತು.

ನಾನು ಡಾಕ್ಟರ್ ಅಲ್ಲ. ಮಾತ್ರೆ ಬರೆದುಕೊಟ್ಟವರನ್ನು ಈ ವಾರವೇ ನೋಡಿ, ಪುಡಿಯ ಪ್ಯಾಕೆಟ್ಟನ್ನೂ ಒಯ್ದು ತೋರಿಸಿ ಅಂದೆ. ಮುಂದಿನ ಸಲ ಅತ್ತೆಯನ್ನು ಕರೆದುಕೊಂಡು ಬನ್ನಿ ಅಂತಲೂ ಹೇಳಿದೆ.

ಅವರು ಬಂದರು. ಕೂರುವ ಮೊದಲೇ ಕೇಳಿದರು: "ನಾನೇನು ಅವಳಿಗೆ ವಿಷ ಹಾಕ್ತಿದ್ದೀನಾ ಮೇಡಮ್ಮೋರೆ? ಕೋಳಿ ಕೂಗೋ ಹೊತ್ತಿಗೆ ಎದ್ದು ಒಲೆ ಮುಂದೆ ನಿಂತು ಕಾಯಿಸಿಕೊಡ್ತೀನಿ. ನನ್ನ ಮಗಳಿಗೂ ಇಷ್ಟು ಮಾಡ್ಲಿಲ್ಲ."

ಅದು ನಿಜವೇ. ಆಸ್ಪತ್ರೆ, ರಿಪೋರ್ಟು ಇವೆಲ್ಲ ಆ ತಾಯಿಯ ಕೈಗೆ ಸಿಗದ ವಿಷಯ. ಕೈಲಿ ಆಗೋದು ಕಷಾಯ ಕಾಯಿಸುವುದು, ಅದನ್ನು ಪ್ರೀತಿಯಿಂದಲೇ ಮಾಡುತ್ತಿದ್ದರು. ನಿಮ್ಮ ಪ್ರೀತಿ ಬಗ್ಗೆ ನನಗೆ ಅನುಮಾನ ಇಲ್ಲಮ್ಮ ಅಂದೆ. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಸೊಸೆ ಆಗ ಮೆಲ್ಲಗೆ ಕೇಳಿದಳು:

"ಅತ್ತೆ, ನಾಳೆಯಿಂದ ಅವರಿಗೂ ಒಂದು ಲೋಟ ಕೊಡ್ತೀರಾ?"

"ಅವನಿಗ್ಯಾಕವ್ವ? ಅವನಿಗೇನಾಗದೆ?"

"ನನಗೇನಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅತ್ತೆ ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಗಂಡಸಿಗೆ ಟೆಸ್ಟು ಅಂದ್ರೆ ಊರೋರು ಏನಂತಾರೆ?" ಅಂದರು.

"ನನ್ನ ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋದಾಗ ಊರು ಇರಲಿಲ್ವಾ ಅತ್ತೆ?"

ಆಮೇಲೆ ಅತ್ತುಬಿಟ್ಟಳು. ಅತ್ತೆ ಸೆರಗಿನಲ್ಲಿ ಅವಳ ಕಣ್ಣು ಒರೆಸಿದರು. ಆದರೆ ಮಗನಿಗೆ ಹೇಳ್ತೀನಿ ಅಂತ ಆವತ್ತು ಒಪ್ಪಲಿಲ್ಲ.

ಸೊಸೆಯ ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಯಾವ ಪರೀಕ್ಷೆಯೂ ಮುಗಿಯುವ ಮುಂಚೆ ಒಬ್ಬರಿಗೇ ಔಷಧಿ ಕುಡಿಸಿದರೆ, ತಪ್ಪು ಯಾರದು ಅಂತ ಮನೆ ಆಗಲೇ ತೀರ್ಮಾನ ಮಾಡಿದ ಹಾಗೆ. ಬೈಗುಳ ಬೇಕಿಲ್ಲ, ದಿನಾ ಬೆಳಿಗ್ಗೆ ಆ ಲೋಟವೇ ಅದನ್ನು ಹೇಳುತ್ತದೆ. ಬಸಿರು ನಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತದೆ, ಅದೊಂದೇ ಇರಬಹುದು, ಹೆಂಗಸಿನದರ ಜೊತೆಗೂ ಇರಬಹುದು. ಅದನ್ನು ನೋಡುವ ವೀರ್ಯ ಪರೀಕ್ಷೆಯಲ್ಲಿ ಸೂಜಿ ಇಲ್ಲ, ನೋವಿಲ್ಲ. ಹೆಂಗಸಿಗೆ ಮಾಡುವ ಎಷ್ಟೋ ಪರೀಕ್ಷೆಗಿಂತ ಸುಲಭ. ಹಾಗಿದ್ದೂ ಅದು ಕೊನೆಗೆ ಉಳಿಯುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು: ಪುಡಿ ಈಗಲೇ ನಿಲ್ಲಿಸಿ. ಮಾತ್ರೆ ಶುರು ಮಾಡುವುದು, ಅದರ ಪ್ರಮಾಣ ಡಾಕ್ಟರ್ ಹೇಳಿದಂತೆ. ಪರೀಕ್ಷೆ ಇಬ್ಬರಿಗೂ ಆಗಬೇಕು. ಅತ್ತೆ ಕೈಯ ಕಷಾಯ ಬೇಕೇ ಬೇಕು ಅಂದರೆ ಸಂಜೆ ಜೀರಿಗೆದು ಕಾಯಿಸಿ, ಮನೆಮಂದಿಯೆಲ್ಲ ಕುಡಿಯಿರಿ.

ಮನೆ ಮದ್ದಿಗೆ ಕೈ ಹಾಕಬಾರದಿತ್ತು, ನೀವು ಆಯುರ್ವೇದದ ವಿರೋಧಿನಾ ಅಂತ ಪರಿಚಯದವರೊಬ್ಬರು ಕೇಳಿದರು. ಅಲ್ಲ. ಮುಟ್ಟಿನ ಹೊಟ್ಟೆನೋವಿಗೆ ಶುಂಠಿ ನೆರವಾಗುತ್ತದೆ ಅಂತ ಅಧ್ಯಯನಗಳೇ ಹೇಳುತ್ತವೆ. ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರು) ಇರುವವರಿಗೆ ಪುದೀನ ಟೀ ಕೊಟ್ಟ ಒಂದೆರಡು ಸಣ್ಣ ಅಧ್ಯಯನಗಳಲ್ಲಿ ಗಂಡು ಹಾರ್ಮೋನು ಸ್ವಲ್ಪ ಇಳಿದಿದ್ದೂ ಕಂಡಿದೆ. ಆದರೆ ಅದರಿಂದ ಬಸಿರು ನಿಲ್ಲುತ್ತದೆ ಅಂತ ಅವು ಹೇಳುವುದಿಲ್ಲ. ಆ ಪ್ಯಾಕೆಟ್ಟಿನ ಮೇಲೆ ಶತಾವರಿ, ಅಶ್ವಗಂಧ, ಜೇಷ್ಠಮಧು, 'ಇತರೆ ಗಿಡಮೂಲಿಕೆಗಳು' ಅಂತಿತ್ತು. ಯಾವುದು ಎಷ್ಟು ಅಂತ ಇರಲಿಲ್ಲ. ಅಶ್ವಗಂಧ ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಹುದು. ಜೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ. ಬಸುರಿಯರು ಎರಡನ್ನೂ ದೂರ ಇಡಬೇಕು. ಮಗುವಿಗೆ ಪ್ರಯತ್ನ ಮಾಡುತ್ತಿರುವ ಹೆಂಗಸು ಯಾವ ತಿಂಗಳು ಬಸುರಿ ಅಂತ ಅವಳಿಗೇ ಮೊದಲು ಗೊತ್ತಾಗಲ್ಲ ಅಲ್ವಾ?

ಇಂಥ ಪುಡಿಯನ್ನು ಔಷಧಿ ಅಂತ ಮಾರಿದರೆ ತಯಾರಿಕೆಯ ಲೈಸೆನ್ಸ್ ನಂಬರ್ ಇರಬೇಕು. ಆಹಾರ ಅಂತ ಮಾರಿದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು, ಆಗ ರೋಗ ವಾಸಿ ಮಾಡುತ್ತೇವೆ ಅನ್ನುವ ಹಾಗಿಲ್ಲ. ಆ ಪ್ಯಾಕೆಟ್ಟಿನಲ್ಲಿ ಎರಡೂ ಇರಲಿಲ್ಲ. ಆಯುರ್ವೇದವೇ ಬೇಕು ಅನ್ನುವವರಿಗೆ ಮೈಸೂರಿನಲ್ಲಿ 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜಿದೆ. ಓದಿದ ವೈದ್ಯರು ಯಾರೇ ಆದರೂ ಎದುರು ಕೂರಿಸಿಕೊಂಡು ಕೇಳುತ್ತಾರೆ, ಈಗ ಏನು ಮಾತ್ರೆ ನಡೀತಿದೆ ಅಂತ ವಿಚಾರಿಸುತ್ತಾರೆ. ಕಣ್ಣಿಗೇ ಕಾಣದ ಹೆಂಗಸಿಗೆ ಮಾತ್ರೆ ಬಿಡು ಅಂತ ಫೋನಿನಲ್ಲಿ ಹೇಳುವವರು ಯಾವ ಪದ್ಧತಿಗೂ ಸೇರಿದವರಲ್ಲ.

ಆಕೆ ಮತ್ತೆ ಮಾತ್ರೆ ಶುರು ಮಾಡಿದಳು. ಆರು ವಾರ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಮಾಡಿದರು. ಗಂಡನೂ ಕೊನೆಗೆ ಒಪ್ಪಿದ. ಮಂಡ್ಯದಲ್ಲಿ ಬೇಡ, ಗುರುತಿನವರು ಸಿಗ್ತಾರೆ ಅಂತ ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿದ. ಅವನ ರಿಪೋರ್ಟಿನಲ್ಲಿ ಏನು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು ಮತ್ತೆ ತಪ್ಪು ಯಾರದು ಅಂತಲೇ ಹುಡುಕುತ್ತಾರೆ. ಚಿಕಿತ್ಸೆ ಇಬ್ಬರಿಗೂ ಒಟ್ಟಿಗೆ ನಡೆಯುತ್ತಿದೆ.