ಓರೆ ಫ್ರೆಟ್‌ಗಳ ಐದು ತಂತಿ ಬೇಸ್ ಗಿಟಾರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ತುಮಕೂರಿನ ಆರ್ಕೆಸ್ಟ್ರಾ ತಂಡವೊಂದರಲ್ಲಿ ಹಲವು ವರ್ಷಗಳಿಂದ ನಾಲ್ಕು ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಈಚೆಗೆ ಬೆಂಗಳೂರಿನಿಂದ ಐದು ತಂತಿಯ ಬೇಸ್ ಒಂದನ್ನು ಕೊಂಡು ತಂದಿದ್ದೇನೆ. ಇದರ ಫ್ರೆಟ್‌ಗಳು, ಅಂದರೆ ಕತ್ತಿನ (ನೆಕ್) ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು, ನೇರವಾಗಿಲ್ಲ, ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಹರಡಿಕೊಂಡಿವೆ. ಎಲ್ಲಕ್ಕಿಂತ ಕೆಳಗಿನ ಸ್ವರದ ಬಿ ತಂತಿಯ ಉದ್ದ 37 ಇಂಚು, ಎಲ್ಲಕ್ಕಿಂತ ಮೇಲಿನ ಸ್ವರದ ಜಿ ತಂತಿಯ ಉದ್ದ 34 ಇಂಚು ಎಂದು ವಿವರದಲ್ಲಿದೆ. ಕೆಳಗೆ ನೋಡಿದರೆ ಕಣ್ಣಿಗೆ ಗೊಂದಲವಾಗುತ್ತದೆ, ಬಲಗೈ ಬೇರೆ ತಂತಿಯನ್ನೇ ಮೀಟಿಬಿಡುತ್ತದೆ, ನುಡಿಸುವಾಗಲೆಲ್ಲ ಹಿಂದೆ ಏನೋ ಗುಂಯ್‌ಗುಡುತ್ತದೆ, ಎಡ ಮಣಿಕಟ್ಟು ನೋಯುತ್ತದೆ. ಇದೆಲ್ಲ ಹೊಸ ಫ್ಯಾಷನ್, ವಾಪಸ್ ಕೊಟ್ಟುಬಿಡಿ ಎಂದು ತಂಡದವರು ಹೇಳುತ್ತಿದ್ದಾರೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿವೆ. ಏನು ಮಾಡಲಿ?
— ಓದುಗರೊಬ್ಬರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ವಾದ್ಯವನ್ನು ಹಿಂದಿರುಗಿಸಬೇಡಿ. ನೀವು ಬರೆದಿರುವ ತೊಂದರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಓರೆ ಫ್ರೆಟ್‌ಗಳಿಂದ ಬಂದವು ತೀರ ಕಡಿಮೆ. ಬಹುಪಾಲು ಐದನೆಯ ತಂತಿಯಿಂದ ಬಂದವು. ಫ್ರೆಟ್‌ಗಳ ಓರೆ ಕಣ್ಣಿಗೆ ಎದ್ದು ಕಾಣುವುದರಿಂದ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ಸಹಜ. ಆದರೆ ಹಾಗೆ ಮಾಡಿದರೆ, ನಿಜವಾಗಿ ಅಭ್ಯಾಸ ಮಾಡಬೇಕಾದುದು ಹಾಗೆಯೇ ಉಳಿದುಬಿಡುತ್ತದೆ.

ಮೊದಲು ಫ್ಯಾಷನ್ನಿನ ಮಾತು. 1951ರಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನಲ್ಲಿ ನಾಲ್ಕೂ ತಂತಿಗಳ ಉದ್ದ 34 ಇಂಚು ಇತ್ತು, ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ಒತ್ತದೆ ಮೀಟಿದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಬಿ ತಂತಿ ಸುಮಾರು 31 ಸಲ. ಉದ್ದವನ್ನು ಹಾಗೆಯೇ ಇಟ್ಟುಕೊಂಡು ಇಷ್ಟು ಕೆಳಗಿನ ಸ್ವರ ಹೊರಡಿಸಬೇಕಾದರೆ ತಂತಿಯನ್ನು ದಪ್ಪ ಮಾಡಬೇಕು, ಇಲ್ಲವೇ ಸಡಿಲ ಬಿಡಬೇಕು. ದಪ್ಪ ಮಾಡಿದರೆ ತಂತಿ ಸೆಡೆತುಕೊಂಡು ಅದರ ಅನುಸ್ವರಗಳು (ಮೂಲಸ್ವರದ ಜೊತೆಗೇ ಹೊರಡುವ ಮೇಲಿನ ಸ್ವರಗಳು) ಸ್ವಲ್ಪ ಏರಿಬಿಡುತ್ತವೆ, ಸಡಿಲ ಬಿಟ್ಟರೆ ಫ್ರೆಟ್‌ಗಳಿಗೆ ಬಡಿಯುತ್ತದೆ. ಎರಡರಲ್ಲೂ ಸ್ವರ ಮಸುಕಾಗುತ್ತದೆ. ಉದ್ದವನ್ನು ಹೆಚ್ಚಿಸುವುದೇ ಇದಕ್ಕಿರುವ ಸರಿಯಾದ ಮದ್ದು. ಅದೇ ತಂತಿ, ಅದೇ ಶ್ರುತಿ ಇರುವಾಗ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 34 ಇಂಚಿನಿಂದ 37 ಇಂಚಿಗೆ ಹೋದರೆ ಬಿಗಿತ ಶೇಕಡ 18ರಷ್ಟು ಹೆಚ್ಚುತ್ತದೆ. ಜಿ ತಂತಿಯನ್ನೂ 37 ಇಂಚು ಮಾಡಿದರೆ ಅದು ಅನಗತ್ಯವಾಗಿ ಬಿಗಿದು ಸ್ವರ ತೆಳುವಾಗುತ್ತದೆ. ಆದ್ದರಿಂದ ಒಂದೊಂದು ತಂತಿಗೆ ಅದಕ್ಕೆ ತಕ್ಕ ಉದ್ದವನ್ನು ಕೊಡುತ್ತಾರೆ, ಹಾಗೆ ಕೊಟ್ಟ ಮೇಲೆ ಫ್ರೆಟ್‌ಗಳು ಓರೆಯಾಗದೆ ಬೇರೆ ದಾರಿಯಿಲ್ಲ. ಪಿಯಾನೊದ ಒಳಗೆ ಇಣುಕಿದರೆ ಇದೇ ತತ್ತ್ವ ಕಾಣುತ್ತದೆ. ಓರೆ ಫ್ರೆಟ್‌ಗಳಿದ್ದ ಆರ್ಫೇರಿಯನ್ ಎಂಬ ತಂತಿವಾದ್ಯ ಇಂಗ್ಲೆಂಡಿನಲ್ಲಿ 16ನೆಯ ಶತಮಾನದ ಕೊನೆಗೇ ಬಳಕೆಯಲ್ಲಿತ್ತು. ನಮ್ಮ ಕಾಲದ ಗಿಟಾರ್‌ಗೆ ಇದನ್ನು ಅಳವಡಿಸಿದ ರಾಲ್ಫ್ ನೊವಾಕ್ ಅವರಿಗೆ 1989ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ತಂಡದವರಿಗೆ ಇಷ್ಟು ಹೇಳಿದರೆ ಸಾಕು.

ಇನ್ನು ಕಣ್ಣಿನ ಗೊಂದಲ. ಫ್ರೆಟ್‌ಬೋರ್ಡ್‌ನ ಮುಖವನ್ನು ಬಗ್ಗಿ ನೋಡುವುದನ್ನು ಬಿಟ್ಟುಬಿಡಿ. ನೆಕ್‌ನ ಮೇಲಂಚಿನಲ್ಲಿ, ನಿಮ್ಮ ಕಡೆಗೆ ಮುಖಮಾಡಿರುವ ಚುಕ್ಕೆಗಳಿವೆಯಲ್ಲ, ಅವು ಬಿ ತಂತಿಯ ಫ್ರೆಟ್‌ಗಳನ್ನು ಅನುಸರಿಸುತ್ತವೆ, ಬಿ, ಇ, ಎ ಎಂಬ ಕೆಳಸ್ವರದ ಮೂರು ತಂತಿಗಳಿಗೆ ಆ ಗುರುತು ಸಾಲುತ್ತದೆ. ಡಿ ಮತ್ತು ಜಿ ತಂತಿಗಳಲ್ಲಿ, ಅದರಲ್ಲೂ ನಟ್‌ನ (ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಹತ್ತಿರ, ಫ್ರೆಟ್ ಚುಕ್ಕೆಗಿಂತ ತುಸು ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳು ಕೂರುವ ಆಸರೆ) ಕಡೆಗೆ ಸರಿದಿರುತ್ತದೆ. ಅಲ್ಲಿ ಕಿವಿಯೇ ದಾರಿ ತೋರಿಸಬೇಕು. ಕಣ್ಣು ಮುಚ್ಚಿಕೊಂಡು ಒಂದೇ ತಂತಿಯ ಮೇಲೆ ಸ್ವರಗಳನ್ನು ಹತ್ತಿ ಇಳಿಯಿರಿ. ಸಾಮಾನ್ಯವಾಗಿ ನಡುವಿನ ಒಂದು ಫ್ರೆಟ್ ಮಾತ್ರ ನೇರವಾಗಿದ್ದು, ಅನೇಕ ವಾದ್ಯಗಳಲ್ಲಿ ಅದು 7ನೆಯ ಫ್ರೆಟ್‌ನ ಆಸುಪಾಸಿನಲ್ಲಿರುತ್ತದೆ. ಅದರಿಂದ ನಟ್ ಕಡೆಗೆ ಓರೆ ಒಂದು ದಿಕ್ಕಿಗೆ, ಬ್ರಿಡ್ಜ್ ಕಡೆಗೆ ಇನ್ನೊಂದು ದಿಕ್ಕಿಗೆ. ನೀವು ನೆಕ್ ಹಿಡಿದು ಕೈಯನ್ನು ನಟ್ ಕಡೆಗೆ ಚಾಚಿದಾಗ ಬೆರಳುಗಳು ತಾವಾಗಿ ಅದೇ ದಿಕ್ಕಿಗೆ ವಾಲುವುದನ್ನು ಗಮನಿಸಿ. ಕೈ ಈ ಓರೆಯನ್ನು ಒಪ್ಪಿಕೊಳ್ಳುವುದು ಕಣ್ಣಿಗಿಂತ ಎಷ್ಟೋ ಬೇಗ.

ಮಣಿಕಟ್ಟಿನ ನೋವಿಗೆ ಮಾತ್ರ ಅಳತೆಯ ಕಾರಣವೊಂದಿದೆ. ಹಳೆಯ ಬೇಸ್‌ನಲ್ಲಿ 1ನೆಯ ಫ್ರೆಟ್‌ನಿಂದ 4ನೆಯ ಫ್ರೆಟ್‌ಗೆ ಸುಮಾರು 130 ಮಿಲಿಮೀಟರ್ ದೂರವಿತ್ತು. ಈಗಿನ ಬಿ ತಂತಿಯಲ್ಲಿ ಅದು 141 ಮಿಲಿಮೀಟರ್. ಫ್ರೆಟ್‌ಗೊಂದು ಬೆರಳು ಎಂಬ ಕ್ರಮವನ್ನು ಇಲ್ಲಿ ಹಟ ಹಿಡಿದು ನಡೆಸಬೇಡಿ. ಡಬಲ್ ಬೇಸ್ ನುಡಿಸುವವರು ಕೆಳಗಿನ ಸ್ಥಾನಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳುಗಳಿಂದ ಮೂರೇ ಸ್ವರಗಳನ್ನು ಹಿಡಿದು, ನಾಲ್ಕನೆಯದಕ್ಕೆ ಕೈಯನ್ನೇ ಜಾರಿಸುತ್ತಾರೆ. ಮೊದಲ ಐದು ಫ್ರೆಟ್‌ಗಳಲ್ಲಿ ನೀವೂ ಹಾಗೆಯೇ ಮಾಡಿ. ಹೆಬ್ಬೆರಳು ನೆಕ್‌ನ ಹಿಂಬದಿಯ ನಡುವಿನಲ್ಲಿರಲಿ. ಮೇಲಂಚಿನಿಂದ ಇಣುಕುವಂತೆ ಹಿಡಿದರೆ ಅಗಲವಾದ ಈ ನೆಕ್‌ನಲ್ಲಿ ಬಿ ತಂತಿಯನ್ನು ಒತ್ತಲು ಮಣಿಕಟ್ಟು ಮಡಚಲೇಬೇಕಾಗುತ್ತದೆ, ನೋವು ಅಲ್ಲಿಂದಲೇ ಶುರುವಾಗುತ್ತದೆ. ಸ್ಟ್ರಾಪ್ ಅನ್ನು ಸ್ವಲ್ಪ ಗಿಡ್ಡ ಮಾಡಿ, ತಲೆಯ ಭಾಗವನ್ನು ಮೇಲಕ್ಕೆತ್ತಿ ಹಿಡಿಯಿರಿ. ಇಷ್ಟಾದರೂ ನೋವು ಉಳಿದರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವನ್ನು ಸಹಿಸಿಕೊಂಡು ನುಡಿಸುವುದು ಸಾಧನೆಯಲ್ಲ.

ಈಗ ನಿಜವಾದ ಕೆಲಸಕ್ಕೆ ಬರೋಣ. ನಿಮಗೆ ಕೇಳಿಸುತ್ತಿರುವ ಗುಂಯ್‌ಕಾರ ಬಿ ತಂತಿಯದು. ಒಂದು ಪರೀಕ್ಷೆ ಮಾಡಿ ನೋಡಿ. ಬಿ ತಂತಿಯನ್ನು ಯಾರೂ ಮುಟ್ಟದಂತೆ ಬಿಟ್ಟು, ಡಿ ತಂತಿಯ 4ನೆಯ ಫ್ರೆಟ್‌ನಲ್ಲಿ ಎಫ್ ಶಾರ್ಪ್ ಅನ್ನು ಗಟ್ಟಿಯಾಗಿ ಮೀಟಿ, ಒಂದು ಕ್ಷಣದ ಬಳಿಕ ಆ ತಂತಿಯನ್ನು ಅಂಗೈಯಿಂದ ತಡೆಯಿರಿ. ಸ್ವರ ನಿಲ್ಲುವುದಿಲ್ಲ, ಬಿ ತಂತಿ ಅದನ್ನು ಹಾಡುತ್ತಲೇ ಇರುತ್ತದೆ. ಎಫ್ ಶಾರ್ಪ್ ಆ ತಂತಿಯ ಮೂರನೆಯ ಅನುಸ್ವರವಾದ್ದರಿಂದ, ಮೀಟದಿದ್ದರೂ ಅದು ಕಂಪಿಸುತ್ತದೆ. ಎ ತಂತಿಯ 2ನೆಯ ಫ್ರೆಟ್‌ನಲ್ಲಿರುವ ಬಿ ಸ್ವರಕ್ಕೂ ಹೀಗೆಯೇ ಆಗುತ್ತದೆ. ಮನೆಯಲ್ಲಿ ಇದು ಸಣ್ಣದಾಗಿ ಕೇಳಿಸಿದರೂ ಮೈದಾನದ ದೊಡ್ಡ ಬಾಕ್ಸ್‌ಗಳಲ್ಲಿ ಇಡೀ ಹಾಡನ್ನು ಕೆಸರು ಮಾಡಿಬಿಡುತ್ತದೆ.

ನಾಲ್ಕು ತಂತಿಯ ವಾದ್ಯದಲ್ಲಿ ಬಲಗೈ ಹೆಬ್ಬೆರಳನ್ನು ಪಿಕಪ್ (ತಂತಿಗಳ ಕಂಪನವನ್ನು ಹಿಡಿಯುವ ಭಾಗ) ಮೇಲೆ ಊರಿ ಬಿಟ್ಟರೂ ಹೇಗೋ ನಡೆಯುತ್ತಿತ್ತು, ಇಲ್ಲಿ ನಡೆಯದು. ಹೆಬ್ಬೆರಳು ಬೆರಳುಗಳ ಜೊತೆಗೆ ಸಂಚರಿಸಬೇಕು. ಬಿ ತಂತಿಯನ್ನು ಮೀಟುವಾಗ ಮಾತ್ರ ಅದು ಪಿಕಪ್ ಮೇಲಿರಲಿ. ಇ ತಂತಿಗೆ ಬಂದಾಗ ಹೆಬ್ಬೆರಳು ಬಿ ತಂತಿಯ ಮೇಲೆ ಇಳಿಯಬೇಕು. ಎ ತಂತಿಗೆ ಬಂದಾಗ ಇ ತಂತಿಯ ಮೇಲೆ ಕುಳಿತು, ತನ್ನ ಪಕ್ಕದಿಂದ ಬಿ ತಂತಿಗೆ ಒರಗಿ, ಎರಡನ್ನೂ ಸುಮ್ಮನಿರಿಸಬೇಕು. ಡಿ ಮತ್ತು ಜಿ ತಂತಿಗಳಿಗೆ ಹೋದಾಗ ಹೆಬ್ಬೆರಳನ್ನು ಉದ್ದಕ್ಕೆ ಮಲಗಿಸಿ ಕೆಳಸ್ವರದ ಮೂರು ತಂತಿಗಳನ್ನೂ ಮುಚ್ಚಿ. ಮೇಲಿನ ಸ್ವರದ ತಂತಿಗಳು ಗುಂಯ್‌ಗುಡದಂತೆ ತಡೆಯುವುದು ಎಡಗೈ ಬೆರಳುಗಳ ಕೆಲಸ; ಒತ್ತುವ ಬೆರಳನ್ನು ತುಸು ಚಪ್ಪಟೆಯಾಗಿಟ್ಟರೆ ಅದರ ಕೆಳಭಾಗ ಪಕ್ಕದ ತಂತಿಗೆ ತಾಗಿಕೊಂಡಿರುತ್ತದೆ.

ಬೇರೆ ತಂತಿ ಮೀಟಿಬಿಡುವ ತೊಂದರೆಗೂ ಇದೇ ಪರಿಹಾರ. ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ ಎಂದರೆ ಇ ಎಂದು ನಿಮ್ಮ ಬಲಗೈ ಇಷ್ಟು ವರ್ಷ ನಂಬಿಕೊಂಡಿದೆ. ಆದ್ದರಿಂದ ಮೊದಲ ವಾರ ಬಿ ತಂತಿಯನ್ನು ಮೀಟಲೇಬೇಡಿ. ಅದನ್ನು ಹೆಬ್ಬೆರಳಿನ ಆಸರೆಯಾಗಿ ಮಾತ್ರ ಬಳಸುತ್ತ, ನಿಮಗೆ ಚೆನ್ನಾಗಿ ಬರುವ ಹಾಡುಗಳನ್ನು ಉಳಿದ ನಾಲ್ಕು ತಂತಿಗಳಲ್ಲೇ ನುಡಿಸಿ. ಹೆಬ್ಬೆರಳು ಎಲ್ಲಿದೆ ಎಂಬುದು ತಿಳಿದಿದ್ದರೆ ಇ ತಂತಿ ಎಲ್ಲಿದೆ ಎಂಬುದನ್ನು ಹುಡುಕಬೇಕಾಗಿಲ್ಲ.

ಅದಾದ ಮೇಲೆ ಐದನೆಯ ತಂತಿಗೆ ಕೈ ಹಾಕಿ. ಬಹಳ ಮಂದಿ ಅದನ್ನು ನೆಲ ನಡುಗಿಸುವ ಸ್ವರಗಳಿಗೆಂದೇ ಇಟ್ಟುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಆರ್ಕೆಸ್ಟ್ರಾದವರಿಗೆ ಅದರ ಹೆಚ್ಚಿನ ಉಪಯೋಗ ಬೇರೆಯೇ ಇದೆ. ನಿಮ್ಮ ಹಳೆಯ ಇ ಸ್ವರ ಈಗ ಬಿ ತಂತಿಯ 5ನೆಯ ಫ್ರೆಟ್‌ನಲ್ಲೂ ಸಿಗುತ್ತದೆ. ಹಾಡೊಂದನ್ನು ಅಲ್ಲಿಂದಲೇ, ಯಾವ ತಂತಿಯನ್ನೂ ಒತ್ತದೆ ಮೀಟದಂತೆ, 5ರಿಂದ 8ನೆಯ ಫ್ರೆಟ್‌ಗಳೊಳಗೆ ಕೂರಿಸಿಕೊಳ್ಳಿ. ಆ ಜಾಗದಲ್ಲಿ ಬಿ ತಂತಿಯ ಮೇಲೂ ಕೈ ಅಗಲಿಸಬೇಕಾದದ್ದು 112 ಮಿಲಿಮೀಟರ್ ಮಾತ್ರ, ಅಂದರೆ ಹಳೆಯ ವಾದ್ಯದ ಮೊದಲ ಸ್ಥಾನಕ್ಕಿಂತ ಕಡಿಮೆ. ಫ್ರೆಟ್‌ಗಳೂ ಅಲ್ಲಿ ಹೆಚ್ಚುಕಡಿಮೆ ನೇರವಾಗಿರುತ್ತವೆ. ಗಂಟಲು ಕೈಕೊಟ್ಟ ಗಾಯಕರು ವೇದಿಕೆಯ ಮೇಲೆಯೇ ‘ಅರ್ಧ ಸ್ವರ ಇಳಿಸಿ ಸರ್’ ಎಂದಾಗ ನಾಲ್ಕು ತಂತಿಯಲ್ಲಿ ಇ ಕೆಳಗೆ ಹೋಗಲು ಜಾಗವೇ ಇರುತ್ತಿರಲಿಲ್ಲ, ಇಡೀ ನಡೆಯನ್ನು ಮೇಲಿನ ಸಪ್ತಕಕ್ಕೆ ಒಯ್ಯಬೇಕಿತ್ತು. ಈಗ ಅದೇ ಬೆರಳಿನ ವಿನ್ಯಾಸವನ್ನು ಒಂದು ಫ್ರೆಟ್ ಹಿಂದಕ್ಕೆ ಜಾರಿಸಿದರೆ ಮುಗಿಯಿತು. ಶ್ರುತಿ ಡಿ ಆದರೆ 3ನೆಯ ಫ್ರೆಟ್, ಸಿ ಆದರೆ 1ನೆಯದು.

ಸಪ್ತಕದ ಜೋಡಿ ಸ್ವರಗಳನ್ನು, ಅಂದರೆ ಒಂದು ತಂತಿಯ ಸ್ವರವನ್ನೂ ಎರಡು ತಂತಿ ಆಚೆ ಎರಡು ಫ್ರೆಟ್ ಮುಂದಿನದನ್ನೂ ಹಿಡಿಯುವಾಗ ಮಾತ್ರ ಓರೆಯ ಪ್ರಭಾವ ಸ್ಪಷ್ಟವಾಗಿ ಗೊತ್ತಾಗುತ್ತದೆ. ನಟ್‌ನ ಹತ್ತಿರ ಅದಕ್ಕೆ ಕೈ ಹೆಚ್ಚು ಅಗಲಬೇಕು, ಮೇಲಿನ ಫ್ರೆಟ್‌ಗಳಲ್ಲಿ ಮೊದಲಿಗಿಂತ ಕಡಿಮೆ ಸಾಕು. ಅದನ್ನು ಪ್ರತ್ಯೇಕವಾಗಿ ನಿಧಾನದ ಲಯದಲ್ಲಿ ಅಭ್ಯಾಸ ಮಾಡಿ.

ರಾಜ್ಯೋತ್ಸವಕ್ಕೆ ಮುಂಚೆ ಬಲಗೈ ಹೆಬ್ಬೆರಳು ಯೋಚಿಸದೆ ಸಂಚರಿಸುವಂತಾಗಿದ್ದರೆ ಹೊಸ ವಾದ್ಯವನ್ನೇ ಒಯ್ಯಿರಿ. ಆಗಿರದಿದ್ದರೆ ಕಾರ್ಯಕ್ರಮಕ್ಕೆ ಹಳೆಯದು, ಮನೆಯ ಅಭ್ಯಾಸಕ್ಕೆ ಹೊಸದು. ಹಣ ಕೊಟ್ಟು ಕರೆಸಿದವರ ಮುಂದೆ ಅಭ್ಯಾಸ ಮಾಡುವುದು ಸರಿಯಲ್ಲ.

ಪ್ರಶ್ನೆ: ನನ್ನ ಬಳಿಯೂ ಇಂಥದೇ ಬೇಸ್ ಇದೆ. ತಂತಿ ಬದಲಾಯಿಸಬೇಕಾಗಿದೆ. ಮಾಮೂಲಿ ಐದು ತಂತಿಯ ಸೆಟ್ ಹಾಕಬಹುದೇ? ಫ್ರೆಟ್ ಓರೆಯಾಗಿರುವುದರಿಂದ ಶ್ರುತಿ ಹೊಂದಿಸುವ ಕ್ರಮ ಬೇರೆಯೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಅಳೆಯದೆ ಕೊಳ್ಳಬೇಡಿ. ಬಿ ತಂತಿಯ ಗುಂಡು ಸಿಕ್ಕಿಸುವ ಜಾಗದಿಂದ ನಟ್‌ವರೆಗೆ, ಅಲ್ಲಿಂದ ಕೀಲಿಯವರೆಗೆ ಟೇಪ್ ಹಿಡಿದು ಎರಡು ಅಳತೆಗಳನ್ನೂ ಬರೆದುಕೊಳ್ಳಿ. ತಂತಿಯ ದಪ್ಪ ಸುತ್ತು ನಟ್ ದಾಟಿದ ಮೇಲಷ್ಟೇ ತೆಳುವಾಗಬೇಕು. 34 ಇಂಚಿನ ವಾದ್ಯಕ್ಕೆಂದು ಮಾಡಿದ ‘ಲಾಂಗ್ ಸ್ಕೇಲ್’ ಬಿ ತಂತಿ 37 ಇಂಚಿನ ವಾದ್ಯಕ್ಕೆ ಸಾಲುವುದಿಲ್ಲ. ಜಿ ಮತ್ತು ಡಿ ತಂತಿಗಳಿಗೆ ಅದೇ ಸಾಕಾಗಬಹುದು. ಬಿ ತಂತಿಯನ್ನು ವಾದ್ಯ ತಯಾರಕರು ಸೂಚಿಸಿದ ಉದ್ದದಲ್ಲೇ ತರಿಸಿಕೊಳ್ಳಿ. ಕತ್ತರಿಸಬೇಕಾದರೆ ಮೊದಲು ತಂತಿಯನ್ನು ಲಂಬಕೋನದಲ್ಲಿ ಬಗ್ಗಿಸಿ, ಬಗ್ಗಿದ ಜಾಗದ ಆಚೆ ಕತ್ತರಿಸಿ. ಇಲ್ಲದಿದ್ದರೆ ಸುತ್ತು ಬಿಚ್ಚಿಕೊಂಡು ತಂತಿ ಸತ್ತಂತಾಗುತ್ತದೆ.

ಶ್ರುತಿ ಹೊಂದಿಸುವ ಕ್ರಮ ಬದಲಾಗುವುದಿಲ್ಲ. ಪ್ರತಿ ತಂತಿಯಲ್ಲೂ 12ನೆಯ ಫ್ರೆಟ್‌ನ ಮೇಲೆ ಬೆರಳನ್ನು ಹಗುರವಾಗಿ ತಾಗಿಸಿ ಹೊರಡಿಸಿದ ಸ್ವರವನ್ನೂ ಅಲ್ಲೇ ಒತ್ತಿ ಮೀಟಿದ ಸ್ವರವನ್ನೂ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನಲ್ಲಿ ಆ ತಂತಿ ಕೂರುವ ಸ್ಯಾಡಲ್ ಅನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಸರಿಸಿ. ಬಿ ತಂತಿಯ ಸ್ವರವನ್ನು ಕ್ಲಿಪ್ ಟ್ಯೂನರ್‌ಗಳು ಹಲವು ಸಲ ಹಿಡಿಯಲಾರವು. ಆಗ ಅದೇ 12ನೆಯ ಫ್ರೆಟ್‌ನ ಹಗುರ ಸ್ವರವನ್ನು ತೋರಿಸಿ. ಹೊಸ ತಂತಿಗಳ ಬಿಗಿತ ಹಳೆಯದಕ್ಕಿಂತ ಬೇರೆಯಾಗಿದ್ದರೆ ನೆಕ್‌ನ ಬಾಗು ಬದಲಾಗುತ್ತದೆ. ಬಾಗನ್ನು ಸರಿಪಡಿಸುವ ಟ್ರಸ್ ರಾಡ್ (ನೆಕ್‌ನ ಒಳಗಿನ ಸರಳು) ಅನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ.

ಪ್ರಶ್ನೆ: ನಮ್ಮ ಚರ್ಚ್‌ನ ಗಾಯನ ತಂಡದಲ್ಲಿ ಐದು ತಂತಿಯ ಬೇಸ್ ನುಡಿಸುತ್ತೇನೆ. ಉಳಿದ ತಂತಿಗಳು ಚೆನ್ನಾಗಿ ಕೇಳಿಸುತ್ತವೆ, ಬಿ ತಂತಿ ಮಾತ್ರ ಸ್ಪೀಕರ್‌ನಲ್ಲಿ ಮಾಯವಾಗುತ್ತದೆ. ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಪ್ರಯೋಜನವಿಲ್ಲ. ವಾದ್ಯದ ದೋಷವೇ?
— ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ, ಕೋಲಾರ ಚಿನ್ನದ ಗಣಿ

ಉತ್ತರ: ವಾದ್ಯವನ್ನು ದೂರುವ ಮೊದಲು ಮಿಕ್ಸರ್ ನೋಡಿ. ನಿಮ್ಮ ಚಾನೆಲ್‌ನಲ್ಲಿ ‘ಲೋ ಕಟ್’ ಗುಂಡಿ ಒತ್ತಿದೆಯೇ? ಮೈಕ್‌ಗಳಿಗೆಂದು ಇಟ್ಟ ಆ ಗುಂಡಿ ಸಾಮಾನ್ಯವಾಗಿ 75ರಿಂದ 100 ಹರ್ಟ್ಸ್‌ಗಿಂತ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಕೆಳಗಿನದನ್ನೆಲ್ಲ ತಗ್ಗಿಸುತ್ತದೆ. ಬಿ ತಂತಿಯ ಮೂಲಸ್ವರ 31 ಹರ್ಟ್ಸ್, ಅದರ ಎರಡನೆಯ ಅನುಸ್ವರ 62. ಎರಡೂ ಅಲ್ಲೇ ಕಳೆದುಹೋಗುತ್ತವೆ. ಗುಂಡಿ ಬಿಡಿಸಿ ಕೇಳಿ.

ಬೇಸ್ ಗುಂಡಿಯನ್ನು ಮಾತ್ರ ಇಂದೇ ನಡುವಿಗೆ ತನ್ನಿ. ಸಣ್ಣ ಸ್ಪೀಕರ್‌ಗಳು 31 ಹರ್ಟ್ಸ್ ಅನ್ನು ಹೊರಡಿಸಲಾರವು. ಒತ್ತಾಯಿಸಿದರೆ ಕೋನ್ ವಿಪರೀತ ಅಲುಗಾಡಿ ಹಾಳಾಗುತ್ತದೆ, ಸ್ವರ ಮಾತ್ರ ಬರುವುದಿಲ್ಲ. ಕೆಳಗಿನ ಸ್ವರಗಳನ್ನು ನಮ್ಮ ಕಿವಿ ಗುರುತಿಸುವುದು ಬಹುಮಟ್ಟಿಗೆ ಅವುಗಳ ಅನುಸ್ವರಗಳಿಂದ. ಆದ್ದರಿಂದ ಮಿಡ್ (ನಡುಮಟ್ಟದ ಸ್ವರಗಳ ಗುಂಡಿ) ಅನ್ನು ತುಸು ಏರಿಸಿ, ಬಿ ತಂತಿಯನ್ನು ಬ್ರಿಡ್ಜ್‌ನ ಹತ್ತಿರಕ್ಕೆ ಸರಿದು ಮೀಟಿ. ಬೆರಳಿನ ಬಲವನ್ನು ಹೆಚ್ಚಿಸಬೇಡಿ. ದಪ್ಪ ತಂತಿಯನ್ನು ಜೋರಾಗಿ ಮೀಟಿದರೆ ಮೊದಲ ಕ್ಷಣದಲ್ಲಿ ಸ್ವರ ಏರಿ, ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ಹಗುರವಾಗಿ ಮೀಟಿ, ಚಾನೆಲ್‌ನ ಗೇನ್ ಅನ್ನು ಅದಕ್ಕೆ ತಕ್ಕಂತೆ ಏರಿಸಿಕೊಳ್ಳಿ.