ವೈಫೈಗೆ ಬೆರಳು ಕಾಣುತ್ತಾ?

ಓದುಗರ ಪತ್ರ: ಸಾಗರದಲ್ಲಿ ಚಿಕ್ಕ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕರೆಯೋಲೆ, ಅರ್ಜಿ, ಕೋರ್ಟಿನ ಕಾಗದ ಎಲ್ಲವನ್ನೂ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಹೊಡೆಯುವುದು. ನಾವು ಟೈಪ್ ಮಾಡುವುದನ್ನು ವೈಫೈ ಅಲೆಯಿಂದಲೇ ಕದಿಯಬಹುದಂತೆ, ಮಗ ಹೆದರಿಸಿದ. ನಿಜವೇ? ನನ್ನದು ವೈರ್‌ಲೆಸ್ ಕೀಬೋರ್ಡ್. ಕನ್ನಡದಲ್ಲಿ ಹೊಡೆದರೆ ಕಳ್ಳನಿಗೆ ತಿಳಿಯಲಿಕ್ಕಿಲ್ಲ, ಅಲ್ವಾ? ಅಟ್ಟದ ಮೇಲಿನ ಹಳೆಯ ಟೈಪ್‌ರೈಟರ್ ಕೆಳಗಿಳಿಸಲೇ?
— ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ: ನಿಮ್ಮ ಮಗ ಸುಳ್ಳು ಹೇಳಿಲ್ಲ ಮೇಡಂ. ಆದರೆ ಹೆದರಬೇಕಾದ ವಸ್ತು ವೈಫೈಗಿಂತ ಹತ್ತಿರದಲ್ಲಿದೆ, ನಿಮ್ಮ ಮೇಜಿನ ಮೇಲೆಯೇ.

ಮೊದಲು ವೈಫೈ ವಿಚಾರ. ದೂರದರ್ಶನದ ಕಾಲದ ಆಂಟೆನಾ ನೆನಪಿದೆಯಾ? ಒಬ್ಬರು ಮಾಡು ಹತ್ತಿ ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ "ಬಂತು, ಬಂತು... ಹೋಯ್ತು" ಅಂತ ಕೂಗುವುದು. ಟಿವಿ ಮೇಲಿಡುವ ಎರಡು ಕಡ್ಡಿಯ ಆಂಟೆನಾ ಇನ್ನೂ ತಮಾಷೆ. ಪಕ್ಕದಲ್ಲಿ ಯಾರೋ ನಿಂತರೆ ಚಿತ್ರ ಸರಿ, ಅವರು ಕದಲಿದರೆ ಪರದೆ ತುಂಬ ಇರುವೆ. ಮನುಷ್ಯನ ಮೈ ರೇಡಿಯೊ ಅಲೆಯನ್ನು ತಡೆಯುತ್ತದೆ, ಅತ್ತಿತ್ತ ತಿರುಗಿಸುತ್ತದೆ. ವೈಫೈ ಕೂಡ ರೇಡಿಯೊ ಅಲೆಯೇ. ಅಂದು ಇಡೀ ಮೈ ಕದಲಿದರೆ ಕಾಣುತ್ತಿದ್ದ ವ್ಯತ್ಯಾಸ ಇಂದು ಬೆರಳು ಕದಲಿದರೂ ಸಿಗುತ್ತದೆ.

2015ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದವರು ಇದನ್ನು ಮಾಡಿ ತೋರಿಸಿದರು. ಹೆಸರು 'ವೈಕೀ'. ಅಂಗಡಿಯಲ್ಲಿ ಸಿಗುವ ಒಂದು ರೌಟರ್, ಒಂದು ಲ್ಯಾಪ್‌ಟಾಪ್, ಅಷ್ಟೇ ಸಾಮಾನು. ಸಾಲಾಗಿ ವಾಕ್ಯ ಹೊಡೆದಾಗ ನೂರಕ್ಕೆ 93.5 ಕೀಗಳನ್ನು ಅದು ಗುರುತು ಹಿಡಿಯಿತು. ಆದರೆ ಟೈಪ್ ಮಾಡುವವರ ಬೆರಳ ಓಟವನ್ನು ಯಂತ್ರಕ್ಕೆ ಮೊದಲೇ ಕಲಿಸಿರಬೇಕು. ಸುತ್ತಮುತ್ತ ಬೇರೇನೂ ಅಲುಗಬಾರದು. ಗಿರಾಕಿ ಬಂದು, ಫ್ಯಾನ್ ತಿರುಗಿ, ಪಕ್ಕದ ಅಂಗಡಿಯವರು ಚಿಲ್ಲರೆ ಕೇಳಲು ಇಣುಕುವ ನಿಮ್ಮಲ್ಲಿ ಇದು ನಡೆಯುವುದು ಕಷ್ಟ.

ಫೋನಿನ ಕತೆ ಸ್ವಲ್ಪ ಬೇರೆ. ವೈಫೈಗೆ ಸೇರಿದ ಫೋನು ಆಗಾಗ ರೌಟರಿಗೆ "ನಿನ್ನ ಸಿಗ್ನಲ್ ನನಗೆ ಹೀಗೆ ತಲುಪ್ತಿದೆ" ಅಂತ ವರದಿ ಕೊಡುತ್ತದೆ. 2013ರಲ್ಲಿ ಬಂದ ವೈಫೈ 5ರಿಂದ ಶುರುವಾದ ಈ ವರದಿಗೆ ಬೀಗವಿಲ್ಲ. ಹತ್ತಿರ ಕೂತ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಪರದೆ ಒತ್ತಿದಾಗ ವರದಿಯೂ ಚೂರು ಬದಲಾಗುತ್ತದೆ. 2023ರಲ್ಲಿ 'ವೈಕಿ-ಈವ್' ಎಂಬ ಪ್ರಯೋಗ ಇದನ್ನೇ ಹಿಡಿದು ಒಂದೊಂದು ಅಂಕಿಯನ್ನು ನೂರಕ್ಕೆ 88.9ರಷ್ಟು ಸರಿಯಾಗಿ ಊಹಿಸಿತು. ಕೇಳಲು ಭಯಂಕರ. ಆದರೆ ಆರಂಕಿಯ ಪಿನ್ ಪೂರ್ತಿ ಸರಿಯಾಗಬೇಕಲ್ಲ? 0.889ನ್ನು ಆರು ಸಲ ಗುಣಿಸಿ ನೋಡಿದೆ, ಅರ್ಧಕ್ಕಿಂತ ಚೂರು ಕಡಿಮೆ ಬಂತು. ಪಿನ್ ಸಿಕ್ಕರೂ ಯುಪಿಐ ನಿಮ್ಮ ಫೋನಿಗೂ ಸಿಮ್ಮಿಗೂ ಅಂಟಿಕೊಂಡಿದೆ. ಬರೀ ಪಿನ್ ಇಟ್ಟುಕೊಂಡು ಕಳ್ಳ ಏನೂ ಮಾಡಲಾರ. ಆದರೂ ಬಸ್ ಸ್ಟ್ಯಾಂಡು, ಹೋಟೆಲಿನ ಪುಕ್ಕಟೆ ವೈಫೈಯಲ್ಲಿ ದುಡ್ಡು ಕಳಿಸಬೇಡಿ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿಕೊಂಡರೆ ಆ ವರದಿಯೇ ಹೋಗುವುದಿಲ್ಲ.

ಈಗ ನಿಮ್ಮ ಕೀಬೋರ್ಡಿಗೆ ಬರೋಣ. ನಮ್ಮ ಕಚೇರಿಯಲ್ಲಿ ಒಮ್ಮೆ ಕಸ ಗುಡಿಸುವಾಗ ಎರಡು ಕಂಪ್ಯೂಟರಿನ ಡಾಂಗಲ್, ಅಂದರೆ ವೈರ್‌ಲೆಸ್ ಕೀಬೋರ್ಡಿನ ಸಿಗ್ನಲ್ ಹಿಡಿಯಲು ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ತುಂಡು, ಅದಲುಬದಲಾಯಿತು. ನಾನು ಒಂದು ಪ್ಯಾರಾ ಹೊಡೆದರೂ ನನ್ನ ಪರದೆ ಖಾಲಿ. ಗೋಡೆಯಾಚೆಯಿಂದ ಲೆಕ್ಕದವರು ಕೂಗಿದರು, "ಸಾರ್, ಜಾಹೀರಾತು ಬಿಲ್ಲಿನೊಳಗೆ ಏನೋ ಮಳೆಗಾಲದ ವರ್ಣನೆ ಬರ್ತಿದೆ!" ಎಲ್ಲರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ನಾನು ಒತ್ತಿದ ಪ್ರತಿ ಕೀ ಇಟ್ಟಿಗೆ ಗೋಡೆ ದಾಟಿ ಹೋಗಿತ್ತು.

2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ಎಂಟು ಕಂಪನಿಗಳ ಅಗ್ಗದ ವೈರ್‌ಲೆಸ್ ಕೀಬೋರ್ಡುಗಳು ಒತ್ತಿದ್ದನ್ನೆಲ್ಲ ಗೂಢಲಿಪಿಯಿಲ್ಲದೆ ಹಾಗೇ ಗಾಳಿಗೆ ಬಿಡುತ್ತವೆ ಎಂದು ತೋರಿಸಿತು. 250 ಅಡಿ ದೂರದಿಂದ ಕೇಳಿಸಿಕೊಳ್ಳಬಹುದಿತ್ತು. ನಿಮ್ಮ ಬೀದಿಯ ಆಚೆ ಬದಿ ಅದಕ್ಕಿಂತ ಹತ್ತಿರ. ಅದಕ್ಕೂ ಹಿಂದೆ, 2015ರಲ್ಲಿ, ಸ್ಯಾಮಿ ಕಾಮ್ಕರ್ ಎಂಬ ಹ್ಯಾಕರ್ ನೋಡಲು ಮೊಬೈಲ್ ಚಾರ್ಜರ್ ಥರ ಇರುವ ಕದ್ದಾಲಿಸುವ ಡಬ್ಬಿ ಮಾಡಿ ತೋರಿಸಿದ್ದರು. ಇಲ್ಲಿ ಬೆರಳ ಓಟ ಕಲಿಯುವ ರಗಳೆಯಿಲ್ಲ, ಊಹೆಯಿಲ್ಲ. ಕೀ ಕೀಯಾಗಿಯೇ ಸಿಗುತ್ತದೆ.

ನುಡಿ ನಿಮ್ಮನ್ನು ಕಾಯುವುದಿಲ್ಲ. ಗಾಳಿಯಲ್ಲಿ ಹೋಗುವುದು ಕನ್ನಡ ಅಕ್ಷರವಲ್ಲ, ಯಾವ ಕೀ ಒತ್ತಿದಿರಿ ಎಂಬುದು. ಅದನ್ನು ಕನ್ನಡ ಮಾಡುವುದು ಕಂಪ್ಯೂಟರ್. ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಕೀ ಒತ್ತುತ್ತೇವಲ್ಲ, ಕದ್ದವನಿಗೆ ಒತ್ತಕ್ಷರ ಬಂದಲ್ಲೆಲ್ಲ ಒಂದು ಎಫ್ ಕಾಣಬಹುದು, ಅಷ್ಟೇ. ನುಡಿ ಕಲಿತ ಯಾವ ಹುಡುಗನಾದರೂ ಐದು ನಿಮಿಷದಲ್ಲಿ ಓದುತ್ತಾನೆ. ಅದೂ ಅಲ್ಲದೆ ಪಾಸ್‌ವರ್ಡನ್ನು ಯಾರೂ ಕನ್ನಡದಲ್ಲಿ ಇಡುವುದಿಲ್ಲ. ಆಧಾರ್ ನಂಬರ್, ಖಾತೆ ನಂಬರ್ ಅಂಕಿಯಲ್ಲೇ ಇರುತ್ತದೆ. ನಿಮ್ಮ ಅಂಗಡಿಯಲ್ಲಿ ಹೊಡೆಯುವುದರಲ್ಲಿ ನಿಮ್ಮ ಗುಟ್ಟಿಗಿಂತ ಊರವರ ಗುಟ್ಟೇ ಜಾಸ್ತಿ. ನನ್ನ ಚಿಂತೆ ಅದು.

ಟೈಪ್‌ರೈಟರ್? 1984ರಲ್ಲಿ ಮಾಸ್ಕೊದ ಅಮೆರಿಕನ್ ರಾಯಭಾರ ಕಚೇರಿಯ ಐಬಿಎಂ ಟೈಪ್‌ರೈಟರುಗಳೊಳಗೆ ಸೋವಿಯತ್ ಗೂಢಚಾರರು ಅಡಗಿಸಿದ್ದ ಯಂತ್ರಗಳು ಸಿಕ್ಕವು. ಒಳಗಿನ ಕಡ್ಡಿಗಳ ಅಲುಗಾಟ ಹಿಡಿದು, ಯಾವ ಅಕ್ಷರ ಎಂದು ರೇಡಿಯೊದಲ್ಲಿ ಕಳಿಸುತ್ತಿದ್ದವು. ನಿಮ್ಮ ಅಟ್ಟದ ಮೇಲೆ ಯಾವ ಗೂಢಚಾರನೂ ಹತ್ತಿರಲಿಕ್ಕಿಲ್ಲ ಬಿಡಿ. ಆದರೂ ಸುಮ್ನೆ ಬೆನ್ನು ನೋಯಿಸಿಕೊಳ್ಳಬೇಡಿ.

ಒಂದು ವೈರ್ ಇರುವ ಕೀಬೋರ್ಡ್ ತೆಗೆದುಕೊಳ್ಳಿ. ವೈರ್ ಬೇಡವೇ ಬೇಡ ಅಂದರೆ ಬ್ಲೂಟೂತ್‌ನದು ನೋಡಿ. ಬ್ಯಾಸ್ಟಿಲ್ ಕಂಡ ದೋಷ ಅದಕ್ಕೆ ತಗುಲುವುದಿಲ್ಲ. ಹಳೆಯದನ್ನು ಮೂಲೆಗಿಟ್ಟ ಮೇಲೆ ಅದರ ಡಾಂಗಲ್ಲನ್ನೂ ಕಂಪ್ಯೂಟರಿನಿಂದ ಕಿತ್ತುಬಿಡಿ. ಎಷ್ಟೋ ಜನ ಮರೆಯುತ್ತಾರೆ. ಕೆಲವು ಡಾಂಗಲ್‌ಗಳು ಹೊರಗಿನವರು ಕಳಿಸಿದ ಕೀಗಳನ್ನೂ ನಿಮ್ಮವೇ ಎಂದು ನಂಬಿ ಟೈಪ್ ಮಾಡಿಬಿಡುತ್ತವೆ.