ಮರದ ಕಪಾಟಿಗೆ ಬಣ್ಣ: ಡಬ್ಬ ತೆರೆಯುವ ಮೊದಲು

ಪ್ರಶ್ನೆ: ಅಡುಗೆಮನೆಯನ್ನು ಹೊಸದಾಗಿಸುತ್ತಿದ್ದೇವೆ. ಕಟ್ಟೆಯ ಕಲ್ಲು, ಗೋಡೆಯ ಟೈಲ್ಸ್ ಎರಡೂ ಬದಲಾಗಲಿವೆ. ಕಪಾಟುಗಳು ಗಟ್ಟಿ ಮರದವು. ಇಪ್ಪತ್ತು ವರ್ಷ ಹಳೆಯವಾದರೂ ಎಲ್ಲೂ ಕೆಟ್ಟಿಲ್ಲ. ಆದರೆ ಅವುಗಳ ಕಿತ್ತಳೆ ಛಾಯೆಯಿಂದ ಕೋಣೆಯೇ ಮಂಕಾಗಿ ಕಾಣುತ್ತದೆ. ನನಗೆ ತಿಳಿ ಬಣ್ಣ ಬಳಿಸುವ ಆಸೆ. ಪತಿ ಮಾತ್ರ ಒಳ್ಳೆಯ ಮರಕ್ಕೆ ಬಣ್ಣ ಬಳಿಯುವುದು ಅನ್ಯಾಯ ಎನ್ನುತ್ತಾರೆ. ಯಾರು ಸರಿ?

ಉತ್ತರ: ಮನೆಯೊಳಗಿನ ವಾದಕ್ಕೆ ತೀರ್ಪು ಕೊಡುವ ಧೈರ್ಯ ನನಗಿಲ್ಲ. ಆದರೆ ‘ಎಲ್ಲೂ ಕೆಟ್ಟಿಲ್ಲ’ ಎಂದೂ ನೀವೇ ಬರೆದಿದ್ದೀರಿ, ‘ಕೋಣೆ ಮಂಕಾಗಿದೆ’ ಎಂದೂ ನೀವೇ ಬರೆದಿದ್ದೀರಿ. ಎರಡನ್ನೂ ಸೇರಿಸಿ ಓದಿದರೆ ದೋಷ ಇರುವುದು ಮರದಲ್ಲಲ್ಲ, ಬೆಳಕಿನಲ್ಲಿ ಮತ್ತು ಮರದ ಮೇಲಿನ ಪಾಲಿಶ್‌ನಲ್ಲಿ ಎಂದು ನನಗೆ ತೋರುತ್ತದೆ. ಆದ್ದರಿಂದ ಸದ್ಯಕ್ಕೆ ಬಣ್ಣ ಬೇಡ. ಕಲ್ಲು, ಟೈಲ್ಸ್, ಗೋಡೆ, ದೀಪ ಎಲ್ಲ ಮುಗಿಯಲಿ. ಕಪಾಟಿನ ತೀರ್ಮಾನ ಕೊನೆಗೆ ಬರಲಿ.

ಈ ಸರದಿಗೆ ಕಾರಣವಿದೆ. ಬಳಿಯದೆ ಬಿಟ್ಟ ಮರಕ್ಕೆ ಐದು ವರ್ಷ ಬಿಟ್ಟೂ ಬಣ್ಣ ಬಳಿಯಬಹುದು. ಬಳಿದ ಬಣ್ಣವನ್ನು ತೆಗೆಯುವುದು ಹಾಗಲ್ಲ. ಓಕ್, ತೇಗದಂಥ ಮರಗಳ ಮೈಯಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳಿರುತ್ತವೆ. ಬಣ್ಣ ಅವುಗಳೊಳಗೆ ಇಳಿದು ಕೂರುತ್ತದೆ. ಮುಂದೊಂದು ದಿನ ಮನಸ್ಸು ಬದಲಾಗಿ ಕೆರೆಸಿದರೆ ಮೇಲಿನ ಪದರವೇನೋ ಬರುತ್ತದೆ, ರಂಧ್ರಗಳಲ್ಲಿ ಬಿಳಿ ಚುಕ್ಕೆಗಳು ಉಳಿದುಬಿಡುತ್ತವೆ. ಅವನ್ನು ಪೂರ್ತಿ ತೆಗೆಯಬೇಕೆಂದರೆ ಮರವನ್ನೇ ತೆಳುವಾಗಿಸಬೇಕು. ಪ್ಲೈವುಡ್ ಮೇಲೆ ಅಂಟಿಸಿದ ವೆನೀರ್, ಅಂದರೆ ಮರದ ತೆಳು ಹಾಳೆ, ಆಗಿದ್ದರೆ ಅದೂ ಸಾಧ್ಯವಿಲ್ಲ. ಅದು ಅನೇಕ ಸಲ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ.

ಈಗ ಕಿತ್ತಳೆ ಛಾಯೆಯ ವಿಚಾರ. ಅದು ಮರದ ಹುಟ್ಟುಬಣ್ಣವಾಗಿರಲೇಬೇಕೆಂದಿಲ್ಲ. ಎಣ್ಣೆ ಆಧಾರಿತ ವಾರ್ನಿಷ್ ವರ್ಷಗಳು ಕಳೆದಂತೆ ಹಳದಿಗೆ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ಇಪ್ಪತ್ತು ವರ್ಷದ ಒಗ್ಗರಣೆಯ ಹೊಗೆ ಕೂತಿರುತ್ತದೆ. ಒಂದು ಬಾಗಿಲನ್ನು ಕಳಚಿ, ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಸೇರಿಸಿ, ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಹಿಡಿಕೆಯ ಸುತ್ತ ಕೈತಾಗಿ ಕಪ್ಪಾದ ಉಂಗುರ ಇರುತ್ತದೆಯಲ್ಲ, ಅಲ್ಲಿಂದಲೇ ಆರಂಭಿಸಿ. ಬಟ್ಟೆಗೆ ಅಂಟುವ ಕಂದು ಜಿಡ್ಡನ್ನು ನೋಡಿದ ಮೇಲೆ ‘ನಮ್ಮ ಮರದ ಬಣ್ಣವೇ ಹೀಗೆ’ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಸಡಿಲಾಗಿದೆ. ಒರೆಸಿದ ಬಾಗಿಲನ್ನು ಒರೆಸದ ಬಾಗಿಲಿನ ಪಕ್ಕ ನಿಲ್ಲಿಸಿ ಹಗಲಿನಲ್ಲಿ ನೋಡಿ.

ಪಾಲಿಶ್ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಸಿಂಕಿನ ಹತ್ತಿರದ ಬಾಗಿಲನ್ನು ಬಿಚ್ಚಿ ಮಲಗಿಸಿ, ಅದರ ಮೇಲೆ ನಾಲ್ಕು ಹನಿ ನೀರು ಬಿಡಿ. ಹತ್ತು ನಿಮಿಷದ ನಂತರವೂ ಹನಿ ಮಣಿಯಂತೆ ನಿಂತಿದ್ದರೆ ಪದರ ಗಟ್ಟಿಯಾಗಿದೆ. ಮರ ನೀರು ಕುಡಿದು ಕಪ್ಪಗಾದರೆ ಅಲ್ಲಿ ಪದರ ಸವೆದಿದೆ ಎಂದು ಅರ್ಥ. ಹಾಗೆ ಸವೆದ ಕಡೆ ಹಗುರವಾಗಿ ಉಜ್ಜಿ ಹೊಸದಾಗಿ ಎರಡು ಕೈ ಪಾಲಿಶ್ ಕೊಡಿಸಿದರೆ ಸಾಕಾಗುವುದುಂಟು. ಯಾವ ಪಾಲಿಶ್ ಎಂಬುದನ್ನು ಹೀಗೆ ಗುರುತಿಸಬಹುದು: ಬಾಗಿಲಿನ ಒಳಮೈಯ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಒತ್ತಿ ಹಿಡಿಯಿರಿ. ಅಂಟಂಟಾದರೆ ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಷ್ ಅಥವಾ ಪಾಲಿಯುರೆಥೇನ್. ಈ ಪರೀಕ್ಷೆ ಮಾಡುವಾಗ ಕಿಟಕಿ ತೆರೆದಿರಲಿ, ಒಲೆ ಆರಿರಲಿ.

ಗೋಡೆಯ ಬಣ್ಣವೂ ಮರದ ಬಣ್ಣವನ್ನು ಬದಲಿಸಿ ತೋರಿಸುತ್ತದೆ. ತಣ್ಣನೆಯ ನೀಲಿ ಬೂದು ಗೋಡೆಯ ಪಕ್ಕದಲ್ಲಿ ಕಿತ್ತಳೆ ಮರ ಇನ್ನಷ್ಟು ಕಿತ್ತಳೆಯಾಗಿ ಕಾಣುತ್ತದೆ. ಕೆನೆಬಿಳಿಯ ಪಕ್ಕ ಅದೇ ಮರ ತಗ್ಗುತ್ತದೆ. ದೀಪವೂ ಅಷ್ಟೇ. 2700 ಕೆಲ್ವಿನ್‌ನ ಹಳದಿ ಬೆಳಕು ಕಿತ್ತಳೆಯನ್ನು ಎತ್ತಿ ತೋರಿಸುತ್ತದೆ. 4000 ಕೆಲ್ವಿನ್‌ನ ಬಿಳಿ ಬೆಳಕಿನ ಬಲ್ಬ್ ಹಾಕಿದರೆ ಮರ ಸಮತೋಲಕ್ಕೆ ಬರುತ್ತದೆ. ಮೇಲಿನ ಕಪಾಟಿನ ತಳದಲ್ಲಿ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದರೆ ಕಟ್ಟೆಯ ಮೇಲಿನ ಕತ್ತಲೆ ಹೋಗುತ್ತದೆ. ನನ್ನ ಅನುಭವದಲ್ಲಿ ‘ಕೋಣೆ ಮಂಕು’ ಎಂಬ ದೂರಿನ ದೊಡ್ಡ ಪಾಲು ಆ ಕತ್ತಲೆಯದೇ.

ಇಷ್ಟೆಲ್ಲ ಆದ ಮೇಲೂ ಕಪಾಟು ಕಣ್ಣಿಗೆ ಚುಚ್ಚುತ್ತಿದ್ದರೆ ಬಣ್ಣ ಬಳಿಸಿ, ಅದರಲ್ಲಿ ಅನ್ಯಾಯವೇನೂ ಇಲ್ಲ. ಕೆಲವು ಕಡೆ ಬಣ್ಣವೇ ಸರಿಯಾದ ದಾರಿ ಕೂಡ: ಚೌಕಟ್ಟು ಒಂದು ಮರ, ಬಾಗಿಲು ಇನ್ನೊಂದು ಮರ ಎಂಬಂತಿದ್ದರೆ, ನೀರು ಮತ್ತು ಕಬ್ಬಿಣದ ಮೊಳೆ ಸೇರಿ ಮರದಲ್ಲಿ ಆಳವಾದ ಕಪ್ಪು ಕಲೆ ಬಿದ್ದಿದ್ದರೆ, ಹಿಂದೆ ಯಾರೋ ಪುಟ್ಟಿ ಮೆತ್ತಿ ತೇಪೆ ಹಾಕಿದ್ದರೆ. ಹಿಡಿಕೆ ಬದಲಿಸುವ ಯೋಚನೆಯಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಳೆಯ ಹಿಡಿಕೆಯ ತೂತುಗಳ ನಡುವಿನ ಅಂತರ 96 ಮಿಲಿಮೀಟರ್ ಇದ್ದು, ನೀವು ಮೆಚ್ಚಿದ ಹಿಡಿಕೆ 128ರದ್ದಾದರೆ ಹಳೆಯ ತೂತು ಮುಚ್ಚಲೇಬೇಕು. ಬಣ್ಣದಡಿ ಅದು ಕಾಣುವುದಿಲ್ಲ, ಪಾಲಿಶ್‌ನಡಿ ಎಷ್ಟೇ ಜಾಣತನದಿಂದ ಮುಚ್ಚಿದರೂ ಕಾಣುತ್ತದೆ.

ಪ್ರಶ್ನೆ: ಪಾಲಿಶ್ ಇದ್ದ ಬಾಗಿಲುಗಳಿಗೆ ಕಳೆದ ವರ್ಷ ಬಿಳಿ ಬಣ್ಣ ಬಳಿಸಿದೆವು. ಈಗ ಚೌಕಟ್ಟಿನ ನಾಲ್ಕು ಮೂಲೆಗಳಲ್ಲೂ ಕೂದಲಿನಷ್ಟು ಸಣ್ಣ ಬಿರುಕು. ನಡುವಿನ ಹಲಗೆಯ ಎರಡೂ ಅಂಚಿನಲ್ಲಿ ಉದ್ದಕ್ಕೆ ಕಂದು ಗೆರೆ. ಪೇಂಟರ್ ಕೆಲಸ ಕೆಡಿಸಿದರೇ?

ಉತ್ತರ: ಇಲ್ಲ, ಮರ ತನ್ನ ಕೆಲಸ ಮಾಡಿದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರ ಹಿಗ್ಗುತ್ತದೆ, ಒಣ ದಿನಗಳಲ್ಲಿ ಕುಗ್ಗುತ್ತದೆ. ಮರದ ನಾರಿನ ಎಳೆಯ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು; ಎಳೆಗೆ ಅಡ್ಡಲಾಗಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಬಾಗಿಲಿನ ಮೂಲೆಯಲ್ಲಿ ಒಂದು ಪಟ್ಟಿಯ ಎಳೆ ನೇರಕ್ಕೆ, ಇನ್ನೊಂದರದು ಅಡ್ಡಕ್ಕೆ ಬಂದು ಸೇರುತ್ತವೆ. ಒಂದು ಅಲುಗುತ್ತದೆ, ಇನ್ನೊಂದು ಅಲುಗುವುದಿಲ್ಲ. ನಡುವೆ ಸಿಕ್ಕಿಕೊಂಡ ಬಣ್ಣದ ಪದರ ಸೀಳುತ್ತದೆ. ಪಾಲಿಶ್ ಇದ್ದಾಗಲೂ ಈ ಸೀಳು ಇದ್ದೇ ಇತ್ತು. ಕಂದು ಮರದಲ್ಲಿ ಕಂದು ಗೆರೆಯನ್ನು ಯಾರೂ ನೋಡಿರಲಿಲ್ಲ, ಅಷ್ಟೇ.

ನಡುವಿನ ಹಲಗೆಯ ಕಥೆ ಇನ್ನೂ ಸ್ವಾರಸ್ಯದ್ದು. ಒಳ್ಳೆಯ ಬಡಗಿ ಅದನ್ನು ಚೌಕಟ್ಟಿಗೆ ಅಂಟಿಸಿರುವುದಿಲ್ಲ; ಹಿಗ್ಗಲು ಕುಗ್ಗಲು ಜಾಗವಿರಲೆಂದು ತೋಡಿನೊಳಗೆ ಸಡಿಲವಾಗಿ ಕೂರಿಸಿರುತ್ತಾನೆ. ತೇವದ ಕಾಲದಲ್ಲಿ ಹಲಗೆ ಹಿಗ್ಗಿ ಅಂಚು ತೋಡಿನೊಳಗೆ ಅಡಗಿರುವಾಗ ಬಣ್ಣ ಬಳಿದರೆ, ಒಣ ಕಾಲದಲ್ಲಿ ಕುಗ್ಗಿದ ಹಲಗೆಯ ಬಣ್ಣವಿಲ್ಲದ ಅಂಚು ಒಂದೆರಡು ಮಿಲಿಮೀಟರ್‌ನಷ್ಟು ಹೊರಗೆ ಇಣುಕುತ್ತದೆ. ನೀವು ನೋಡುತ್ತಿರುವ ಗೆರೆ ಅದೇ ಇರಬೇಕು. ಪರಿಹಾರ ಸುಲಭ: ಹಲಗೆ ಪೂರ್ತಿ ಕುಗ್ಗಿರುವ ಒಣ ದಿನಗಳಲ್ಲೇ ಸಣ್ಣ ಬ್ರಷ್‌ನಿಂದ ಆ ಅಂಚಿಗೆ ಬಣ್ಣ ತುಂಬಿ. ಸಂದಿಗೆ ಗಟ್ಟಿ ಪುಟ್ಟಿ ಮೆತ್ತಿ ಹಲಗೆಯನ್ನು ಬಂಧಿಸಬೇಡಿ. ಹಿಗ್ಗಲು ಎಡೆ ಸಿಗದ ಹಲಗೆ ಚೌಕಟ್ಟಿನ ಜೋಡಣೆಯನ್ನೇ ಬಿಚ್ಚಿಸಬಲ್ಲದು, ಕುಗ್ಗುವಾಗ ತಾನೇ ಸೀಳಬಲ್ಲದು. ಮೂಲೆಯ ಕೂದಲೆಳೆ ಬಿರುಕನ್ನು ಮುಚ್ಚಿದರೂ ಮತ್ತೆ ಬರುತ್ತದೆ. ಅದರೊಂದಿಗೆ ಬದುಕುವುದನ್ನು ಕಲಿಯುವುದೇ ವಾಸಿ. ಬಿರುಕೇ ಕಾಣದ ಬಿಳಿ ಬಾಗಿಲು ಬೇಕೆಂದರೆ ಗಟ್ಟಿ ಮರ ಬಿಟ್ಟು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಬಾಗಿಲಿಗೆ ಹೋಗಬೇಕು. ಅದಕ್ಕೆ ಎಳೆಯೂ ಇಲ್ಲ, ಜೋಡಣೆಯೂ ಬೇಕಿಲ್ಲ. ನೀರು ಹೀರಿ ಊದಿಕೊಳ್ಳುವ ರೋಗ ಮಾತ್ರ ಅದಕ್ಕಿದೆ.

ಪ್ರಶ್ನೆ: ಉಜ್ಜುವುದೇ ಬೇಡ, ನೇರವಾಗಿ ಪಾಲಿಶ್ ಮೇಲೆ ಬಳಿಯಬಹುದಾದ ಬಣ್ಣವಿದೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಬಣ್ಣಕ್ಕೆ ಮೊದಲು ತಳಪದರವಾಗಿ ಬಳಿಯುವ, ಅಂಟಿಕೊಳ್ಳುವ ಶಕ್ತಿ ಹೆಚ್ಚಿರುವ ಪ್ರೈಮರ್‌ಗಳು ಇರುವುದು ನಿಜ. ಆದರೆ ಜಿಡ್ಡಿನ ಮೇಲೆ ನಿಲ್ಲುವ ಬಣ್ಣವನ್ನು ಯಾರೂ ಇನ್ನೂ ಮಾಡಿಲ್ಲ. ಕಪಾಟಿನ ಬಣ್ಣ ಕಿತ್ತು ಬರುವುದಕ್ಕೆ ಬಹುಪಾಲು ಕಾರಣ ಬಣ್ಣವಲ್ಲ, ಅದರಡಿಯ ಜಿಡ್ಡು. ಅದಕ್ಕೇ ಮೊದಲು ತೊಳೆಯಬೇಕು, ಆಮೇಲೆ ಉಜ್ಜಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಜಿಡ್ಡಿರುವಾಗಲೇ ಸ್ಯಾಂಡ್‌ಪೇಪರ್ ಆಡಿಸಿದರೆ ಜಿಡ್ಡು ಹೋಗುವುದಿಲ್ಲ, ಹೊಸ ಗೀರುಗಳೊಳಗೆ ಹೊಕ್ಕು ಕೂರುತ್ತದೆ. ಹೊಳಪಿಗೆಂದು ಸಿಲಿಕೋನ್ ಇರುವ ಫರ್ನಿಚರ್ ಪಾಲಿಶ್ ಸಿಂಪಡಿಸುವ ಅಭ್ಯಾಸ ಮನೆಯಲ್ಲಿದ್ದರೆ ಪೇಂಟರ್‌ಗೆ ಮೊದಲೇ ಹೇಳಿಬಿಡಿ. ಅದರ ಮೇಲೆ ಬಣ್ಣ ಹರಡದೆ ಪುಟ್ಟ ಪುಟ್ಟ ಕುಳಿಗಳಾಗಿ ಒಡೆಯುತ್ತದೆ.

ತೊಳೆದು ಒಣಗಿದ ಮೇಲೆ 180 ಅಥವಾ 220 ಗ್ರಿಟ್‌ನ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು, ಮರ ಬರಿದಾಗಬೇಕಿಲ್ಲ. ಕಪಾಟಿಗೆ ಹಿಂದೆಯೇ ಹಳೆಯ ಕಾಲದ ಬಣ್ಣ ಇದ್ದರೆ ಮಾತ್ರ ಉಜ್ಜುವ ಮೊದಲು ಸೀಸದ ಪರೀಕ್ಷೆ ಮಾಡಿಸಿ. ಸೀಸದ ಬಣ್ಣದ ಹುಡಿ ಮಕ್ಕಳ ಮಿದುಳಿಗೆ ಹಾನಿಕರ. ಓಕ್ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು, ಪೈನ್ ಮರದ ಗಂಟುಗಳ ರಾಳ ನೀರು ಆಧಾರಿತ ಪ್ರೈಮರ್ ಅನ್ನು ಹಾದು ಹಳದಿ ಕಂದು ಕಲೆಯಾಗಿ ಮೇಲೆ ಬರುತ್ತವೆ. ಅಂಥ ಮರಕ್ಕೆ ಅರಗು ಆಧಾರಿತ ಪ್ರೈಮರ್ ಬೇಕು. ತೇಗದಲ್ಲಿ ಸಹಜವಾಗಿ ಎಣ್ಣೆಯಿರುವುದರಿಂದ, ಉಜ್ಜಿ ಬರಿಮರ ಕಂಡ ಕಡೆ ಸ್ಪಿರಿಟ್‌ನಿಂದ ಒರೆಸಿ ತಡಮಾಡದೆ ಪ್ರೈಮರ್ ಕೊಡಿ.

ಇಡೀ ಅಡುಗೆಮನೆಗೆ ಒಪ್ಪಿಸುವ ಮೊದಲು ಒಂದು ಬಾಗಿಲಿನ ಹಿಂಬದಿಯಲ್ಲಿ ಅಂಗೈಯಗಲ ಬಳಿಸಿ, ವಾರ ಬಿಡಿ. ಆಮೇಲೆ ಬ್ಲೇಡಿನಿಂದ ಅಡ್ಡ ಮತ್ತು ಉದ್ದ ನಾಲ್ಕಾರು ಗೀರು ಎಳೆದು, ಗಟ್ಟಿ ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಕೀಳಿ. ಟೇಪಿನ ಜೊತೆ ಚೌಕದ ಚೂರುಗಳು ಎದ್ದು ಬಂದರೆ ಜಿಡ್ಡು ಉಳಿದಿದೆ ಅಥವಾ ಪ್ರೈಮರ್ ತಪ್ಪಿದೆ. ಮೇಲಿನ ಬಣ್ಣಕ್ಕೆ ಗೋಡೆಯ ಎಮಲ್ಷನ್ ಬೇಡವೇ ಬೇಡ. ಬಾಗಿಲು ಮುಚ್ಚಿದಲ್ಲಿ ಚೌಕಟ್ಟಿಗೆ ಅಂಟಿಕೊಂಡು, ತೆರೆದಾಗ ಚರ್‍ರೆಂದು ಕಿತ್ತು ಬರುತ್ತದೆ. ಎಣ್ಣೆ ಆಧಾರಿತ ಬಿಳಿ ಎನಾಮಲ್ ಗಟ್ಟಿಯೇನೋ ಹೌದು, ಬೆಳಕು ಬೀಳದ ಕಡೆ ಬೇಗ ಹಳದಿಯಾಗುತ್ತದೆ. ನೀರು ಆಧಾರಿತ ಎನಾಮಲ್ ನನ್ನ ಆಯ್ಕೆ. ಕೆಲವೇ ಗಂಟೆಗಳಲ್ಲಿ ಮುಟ್ಟಲು ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಅದಕ್ಕೆ ಸುಮಾರು 30 ದಿನ ಬೇಕಾಗಬಹುದು. ಅಲ್ಲಿಯವರೆಗೆ ಉಜ್ಜಿ ತೊಳೆಯಬೇಡಿ. ಸಮಾರಂಭದ ಹಿಂದಿನ ವಾರ ಈ ಕೆಲಸ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಮರುಕವಾಗುತ್ತದೆ.

ಪ್ರಶ್ನೆ: ಕೆಳಗಿನ ಕಪಾಟುಗಳಿಗೆ ಮಾತ್ರ ಬಣ್ಣ ಬಳಿದು ಮೇಲಿನವನ್ನು ಮರವಾಗಿಯೇ ಬಿಡಬಹುದೇ?

ಉತ್ತರ: ಬಿಡಬಹುದು, ಆದರೆ ನಾನಾದರೆ ತಿರುಗಿಸಿ ಮಾಡುತ್ತೇನೆ. ಕಾಲು ತಾಗುವುದು, ಪಾತ್ರೆ ಬಡಿಯುವುದು, ನೀರು ಸಿಡಿಯುವುದು ಎಲ್ಲ ಕೆಳಗೇ. ಬಣ್ಣದ ಚಕ್ಕೆ ಎದ್ದರೆ ದೂರದಿಂದಲೇ ಕಾಣುತ್ತದೆ, ಮರದ ಗೀರು ಮರದಲ್ಲಿ ಮುಳುಗುತ್ತದೆ. ತಿಳಿ ಬಣ್ಣ ಮೇಲಿದ್ದರೆ ಬೆಳಕಿಗೂ ಒಳ್ಳೆಯದು.

ಪ್ರಶ್ನೆ: ಕಪಾಟಿನ ಒಳಭಾಗಕ್ಕೂ ಬಳಿಸಬೇಕೇ?

ಉತ್ತರ: ಗಾಜಿನ ಬಾಗಿಲು ಇಲ್ಲದಿದ್ದರೆ ಬೇಡ. ಹೊಸ ಬಣ್ಣದ ಮೇಲೆ ಭಾರದ ಪಾತ್ರೆ ಇಟ್ಟರೆ ತಳ ಅಂಟಿಕೊಳ್ಳುತ್ತದೆ, ಮುಚ್ಚಿದ ಜಾಗದಲ್ಲಿ ವಾಸನೆಯೂ ಬೇಗ ಹೋಗುವುದಿಲ್ಲ. ಒಳಗೆ ತೊಳೆದು ಒಣಗಿಸಿ, ಬೇಕಿದ್ದರೆ ಒಂದು ಕೈ ನೀರು ಆಧಾರಿತ ಪಾರದರ್ಶಕ ವಾರ್ನಿಷ್ ಕೊಡಿಸಿ. ಬಾಗಿಲಿನ ಹಿಂಬದಿಯನ್ನು ಮಾತ್ರ ಒಳಭಾಗವೆಂದು ಬಿಡಬೇಡಿ. ಒಂದೇ ಮುಖಕ್ಕೆ ಬಣ್ಣ ಬಿದ್ದ ಬಾಗಿಲು ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತೇವ ಹೀರಿ ಬಾಗಬಹುದು. ಮುಂದಕ್ಕೆ ಎಷ್ಟು ಕೈಯೋ ಹಿಂದಕ್ಕೂ ಅಷ್ಟೇ ಕೈ.